ಆಸ್ಪತ್ರೆ ಬಣ್ಣ

ಹೊಸದುರ್ಗದ ನಮ್ಮ ಮನೆಯ ಒಳಗೋಡೆಗೆ ತಿಳಿ ಕೆನೆಬಣ್ಣ ಬಳಿಸಿದ್ದು ನಾನೇ, ಹಟ ಹಿಡಿದು. ಗೃಹಪ್ರವೇಶದ ದಿನ ಹಿರಿಯೂರಿನಿಂದ ಬಂದ ನಮ್ಮ ಯಜಮಾನರ ಅಕ್ಕ ಹೊಸ್ತಿಲು ದಾಟಿ ಸುತ್ತ ನೋಡಿದರು.

"ಏನೇ ಇದು, ಆಸ್ಪತ್ರೆ ವಾರ್ಡಿಗೆ ಬಂದಂಗಾತಲ್ಲ. ಮಂಚ ಎಲ್ಲೈತೆ, ಮಲ್ಕಂತೀನಿ."

ನೆಂಟರೆಲ್ಲ ನಕ್ಕರು. ಅವತ್ತಿನಿಂದ ಅವರ ಬಾಯಲ್ಲಿ ನಮ್ಮದು ಆಸ್ಪತ್ರೆ ಮನೆ. ಮದುವೆಗಳಲ್ಲಿ ಸಿಕ್ಕರೂ, "ಡಾಕ್ಟ್ರು ಅದಾರಾ ಮನೇಲಿ?" ಅನ್ನುವರು. ನಾನೂ ನಗುತ್ತಿದ್ದೆ. ದೀಪ ಹಚ್ಚುವಾಗ ಮಾತ್ರ, ಈ ಹೆಸರು ಇಟ್ಟವರ ಬಾಯಿ ನೀನೇ ಕಟ್ಟಪ್ಪಾ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ.

ಹೋದ ವರ್ಷ ಅವರೂ ಮನೆ ಕಟ್ಟಿದರು. ಹಾಲ್‌ಗೆ ಕಡು ನೀಲಿ ಅಂತ ಫೋನಿನಲ್ಲಿ ಹೇಳಿದರು. ನಾನು ಇದ್ದದ್ದು ಇದ್ದಂಗೆ ಹೇಳಿದೆ.

"ಅಕ್ಕಾ, ನಿಮ್ಮದೂ ನಮ್ಮಂಗೆ ಬೋರಿನ ಉಪ್ಪು ನೀರು. ಗೋಡೆ ಕಟ್ಟೋಕೂ, ಕಟ್ಟಿದ ಮೇಲೆ ನೆನೆಸೋಕೂ ಹೊಡೆದಿದ್ದು ಅದೇ ನೀರು. ಆಮೇಲೆ ಆ ಉಪ್ಪು ಒಳಗಿಂದ ಬೆಳ್ಳಗೆ ಏಳ್ತೈತೆ. ನಮ್ಮನೇಲೂ ಏಳ್ತೈತೆ, ತಿಳಿ ಬಣ್ಣ ಆಗಿರೋದ್ಕೆ ಕಾಣಲ್ಲ. ಕಡು ನೀಲಿ ಬ್ಯಾಡ್ರಿ."

"ನಮ್ಮನೇನೂ ಆಸ್ಪತ್ರೆ ಮಾಡು ಅಂತೀಯೇನೇ?"

ಸರಿ ಅಕ್ಕಾ ಎಂದು ಫೋನ್ ಇಟ್ಟೆ. ನಾನು ಬೇಡ ಅಂದದ್ದನ್ನು ಅವರು ಮಾಡದೆ ಬಿಟ್ಟಿದ್ದು ನನಗೆ ನೆನಪಿಲ್ಲ. ಅದು ಗೊತ್ತಿದ್ದೇ ಹೇಳಿದ್ದು. ಸುಳ್ಳಾಡಲಿಲ್ಲ, ದೇವರ ಮುಂದೆ ನಿಲ್ಲೋಕೆ ನನಗೆ ಅಂಜಿಕೆಯಿಲ್ಲ.

ಮಳೆಗಾಲ ಕಳೆದ ಮೇಲೆ ಅವರ ಮನೆ ಪೂಜೆಗೆ ಹೋದೆವು. ಸೋಫಾದ ಹಿಂದಿನ ನೀಲಿ ಗೋಡೆಯ ಉದ್ದಕ್ಕೂ ಬಿಳಿ ಪಟ್ಟೆ. ಒರೆಸಿ ಒರೆಸಿ ಇನ್ನಷ್ಟು ಹರಡಿತ್ತು. ಹೊಳಲ್ಕೆರೆಯ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು.

"ಏನವ್ವಾ, ಗೋಡೆಗೂ ವಿಭೂತಿ ಹಚ್ಚೀಯಲ್ಲ. ಭಾಳ ಭಕ್ತಿ ನಿಂದು."

ಅದೇ ನೆಂಟರು, ಅದೇ ನಗು. ನಾನು ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಹೂವು ಬಿಡಿಸುತ್ತಾ ಕೂತೆ. ಹೊಟ್ಟೆ ತಣ್ಣಗಾಗಿತ್ತು.

ಊಟವಾದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ದನಿ ಇಳಿಸಿದರು. "ನಿಮ್ಮನೇದು ಯಾವ ಬಣ್ಣನೇ ಅದು? ಹೆಸರೇನು?"

"ಆಸ್ಪತ್ರೆ ಬಣ್ಣ ಅಂತ ಕೇಳ್ರಿ ಅಕ್ಕಾ, ಅಂಗಡಿಯವ್ರು ಕೊಡ್ತಾರೆ," ಎಂದೆ, ಹಾಲ್‌ನಲ್ಲಿ ಕೂತವರಿಗೂ ಕೇಳುವ ಹಾಗೆ.

ಈಗ ಅವರದೂ ಕೆನೆಬಣ್ಣ. ನಮ್ಮ ಮನೆಗೆ ಇಟ್ಟಿದ್ದ ಹೆಸರು ಯಾರ ಬಾಯಲ್ಲೂ ಇಲ್ಲ. ದೇವರು ನನಗೆ ದೊಡ್ಡದೇನೂ ಕೊಟ್ಟವನಲ್ಲ. ಕೊಟ್ಟ ಸಣ್ಣಪುಟ್ಟದರಲ್ಲಿ ಇದನ್ನೂ ಸೇರಿಸಿಕೊಂಡು, ಹೋದ ಶನಿವಾರ ಹೊರಕೆರೆದೇವಪುರದ ಗುಡಿಗೆ ಹೋಗಿ ಒಂದು ಕಾಯಿ ಹೆಚ್ಚಿಗೆ ಒಡೆಸಿ ಬಂದೆ.