ಆರನೆಯ ಬೆರಳು

ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಆನ್‌ಲೈನ್ ಸೌಜನ್ಯದ ಪಾಠಕ್ಕೆ ಮಕ್ಕಳಿಂದ ಎಐ ಚಿತ್ರ ಮಾಡಿಸುತ್ತಾರೆ. ಯಾರಾದರೂ ಬರೀ 'ದಯೆ' ಎಂದು ಟೈಪ್ ಮಾಡಿದರೆ ಮುಗಿಯಿತು, ಕನ್ನಡಕ ಹಣೆಗೇರುತ್ತದೆ: "ಅದಕ್ಕೇನ್ರೋ ಗೊತ್ತು ದಯೆ? ಯಾರು, ಯಾರಿಗೆ, ಏನು ಮಾಡಿದ್ರು, ಬಿಡಿಸಿ ಹೇಳ್ರೋ!" ಬಂದ ಚಿತ್ರಗಳನ್ನೆಲ್ಲ ಸ್ಟಾಫ್ ರೂಮಿಗೆ ಹೊತ್ತು ತಂದು, ನಾವು ಹೊಗಳುವ ತನಕ ಊಟದ ಡಬ್ಬಿ ತೆರೆಯಲು ಬಿಡುವುದಿಲ್ಲ. ಮೊನ್ನೆ ತಂದ ಚಿತ್ರದಲ್ಲಿ ಒಂದು ಕೈ, ಮೊಬೈಲಿನಲ್ಲಿ ಬರೆದ ಬೈಗುಳವನ್ನು ಕಳಿಸುವ ಮುಂಚೆಯೇ ಅಳಿಸುತ್ತಿತ್ತು. ಮಾಡಿಸಿದವಳು, ಹೋದ ವರ್ಷ ಮೇಷ್ಟ್ರ ಫೋಟೋಗೇ ಕತ್ತೆಕಿವಿ ಅಂಟಿಸಿ ತರಗತಿಯ ಗ್ರೂಪಿಗೆ ಹಾಕಿದ್ದ ಹುಡುಗಿ. ಎಐ ಆ ಕೈಗೆ ಆರು ಬೆರಳು ಇಟ್ಟಿತ್ತು, ನಾವು ನಕ್ಕೆವು. ಮೇಷ್ಟ್ರು ಎದೆಯುಬ್ಬಿಸಿದರು: "ಇರ್ಲಿ ಬಿಡ್ರೀ, ನಮ್ಮ ಹುಡುಗಿಗೆ ಅಳಿಸೋಕೆ ಒಂದು ಬೆರಳು ಹೆಚ್ಚೇ ಇರ್ಲಿ!"