ಫುಟ್‌ಬೋರ್ಡಿನ ಅಂಚಿನಲ್ಲಿ ಹಿಮ್ಮಡಿ

ಹರಿಣಾಕ್ಷಿ ಸುಳ್ಯ–ಕಲ್ಲುಗುಂಡಿ ಬಸ್ಸಿನ ನಿರ್ವಾಹಕಿಯಾಗಿ ಒಂಬತ್ತು ವರ್ಷಗಳಾಗಿದ್ದವು. ಬೆಳಿಗ್ಗೆ ಮನೆಯಿಂದ ತಂದ ಬಾಟಲಿಯಲ್ಲಿ ಸಂಜೆಯೂ ಮುಕ್ಕಾಲು ಪಾಲು ನೀರು ಉಳಿದಿರುತ್ತಿತ್ತು. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಕಲ್ಲುಗುಂಡಿಯ ನಿಲುಗಡೆಯಲ್ಲಿ ಜಾಗವಿರಲಿಲ್ಲ. ಚಾಲಕ ಉದಯನಿಗೆ ರಸ್ತೆಬದಿಯ ಮರವೊಂದು ಸಾಕಾಗುತ್ತಿತ್ತು.

ಜನವರಿಯಿಂದ ರಾತ್ರಿಯಾದರೆ ಅವಳ ಎಡಗಾಲಿನ ಮೀನಖಂಡ ಕಲ್ಲಿನಂತೆ ಸೆಟೆದುಕೊಳ್ಳತೊಡಗಿತು. ಅತ್ತೆ ಪೂವಮ್ಮ ಎದ್ದು ಬಂದು ಬಿಸಿ ಎಣ್ಣೆ ತಿಕ್ಕುತ್ತಿದ್ದರು. ಮರುದಿನ ಅದೇ ಕಾಲಿನ ಮೇಲೆ ಎಂಟು ಗಂಟೆ ನಿಲ್ಲಬೇಕು. ಅರಂತೋಡಿನ ತಿರುವಿನಲ್ಲಿ ಒಮ್ಮೆ ಕಾಲು ಸೋತು, ಟಿಕೆಟ್ ಯಂತ್ರದ ಸಮೇತ ಪ್ರಯಾಣಿಕರೊಬ್ಬರ ಮಡಿಲಿಗೆ ಬಿದ್ದಳು. ಅಂದೇ ಡಿಪೋದ ಕಚೇರಿ ಕೆಲಸ ಕೋರಿ ಅರ್ಜಿ ಬರೆದು ಚೀಲದಲ್ಲಿಟ್ಟಳು. ಕುರ್ಚಿಯ ಕೆಲಸ ಅವಳಿಗೆ ಬೇಕಿರಲಿಲ್ಲ. ಯಾರು ಎಲ್ಲಿ ಇಳಿಯುವವರೆಂದು ಕೇಳದೆಯೇ ತಿಳಿಯುವ ಆ ಬಸ್ಸನ್ನು ಬಿಡುವ ಮನಸ್ಸಿರಲಿಲ್ಲ.

ಅರ್ಜಿಗೆ ವೈದ್ಯರ ಪತ್ರ ಬೇಕಿತ್ತು. ಡಾಕ್ಟರ್ ಸುರಕ್ಷಾ ಕಾಲನ್ನು ಒತ್ತಿ ನೋಡಿ, ರಕ್ತದ ವರದಿ ಓದಿದರು.

"ಇದರಲ್ಲಿ ತೊಂದರೆ ಎಂತದೂ ಇಲ್ಲ. ದಿನಕ್ಕೆ ನೀರು ಎಷ್ಟು ಕುಡಿಯುದು?"

ಹರಿಣಾಕ್ಷಿ ತಲೆ ತಗ್ಗಿಸಿ ಕಾರಣ ಹೇಳಿದಳು.

"ಪತ್ರ ಒಂದು ತಿಂಗಳು ಬಿಟ್ಟು ನೋಡುವ. ಮೊದಲು ನೀರು ಕುಡಿಯಿರಿ. ಮಧ್ಯಾಹ್ನ ಒಮ್ಮೆ, ಮಲಗುವ ಮೊದಲು ಒಮ್ಮೆ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಕೆಳಗಿಳಿಸಿ. ಮೀನಖಂಡ ಎಳೆಯಬೇಕು."

ಮೆಟ್ಟಿಲು ಬಸ್ಸಿನಲ್ಲೇ ಇತ್ತು. ನೀರಿನದೇ ಕಷ್ಟ. ಎರಡು ದಿನ ಮುಂದೂಡಿ, ಮೂರನೆಯ ದಿನ ಕಲ್ಲುಗುಂಡಿಯಲ್ಲಿ ನಿಲುಗಡೆಯ ಪಕ್ಕದ ಅಂಗಡಿಯ ಐಸಮ್ಮನ ಮುಂದೆ ನಿಂತಳು. ಅಂಗಡಿಯ ಹಿಂದೆಯೇ ಐಸಮ್ಮನ ಮನೆ.

"ನಿಮ್ಮಲ್ಲಿ ಬಾತ್‌ರೂಮಿಗೆ ಹೋಗಬಹುದಾ?"

"ಇದು ಕೇಳ್ಲಿಕ್ಕೆ ಒಂಬತ್ತು ವರ್ಷ ಬೇಕಾಯ್ತಾ ಮಾರಾಯ್ತಿ? ಹಿಂದೆ ಉಂಟು, ಹೋಗಿ. ಚಿಲಕ ಸ್ವಲ್ಪ ಬಿಗಿ."

ಮರಳಿ ಬಂದು ಅರ್ಧ ಬಾಟಲಿ ನೀರು ಕುಡಿದು, ನಿಂತ ಬಸ್ಸಿನ ಫುಟ್‌ಬೋರ್ಡಿನಲ್ಲಿ ಕಂಬಿ ಹಿಡಿದು ಹಿಮ್ಮಡಿ ಇಳಿಬಿಟ್ಟಳು.

"ಇದೆಂತ ಹರಿಣಕ್ಕ, ಹತ್ತುದಾ, ಇಳಿಯುದಾ?" ಉದಯ ಕೇಳಿದ.

"ಎರಡೂ ಅಲ್ಲ. ಬೆಲ್ ಹೊಡೆಯುವವರೆಗೆ ನೀನು ಸುಮ್ಮನೆ ಕೂತ್ಕೊ."

ಮೊದಲ ವಾರ ಎರಡು ಬಾರಿ ಕಾಲು ಹಿಡಿಯಿತು. ಹೆಬ್ಬೆರಳನ್ನು ತನ್ನತ್ತ ಎಳೆದುಕೊಂಡಾಗ ಬಿಟ್ಟಿತು. ಎರಡನೆಯ ವಾರ ಒಮ್ಮೆ. ಆಮೇಲೆ ಇಲ್ಲ. ಅಭ್ಯಾಸಬಲದಿಂದ ಎದ್ದ ಪೂವಮ್ಮ ಎಣ್ಣೆಯ ಬಟ್ಟಲು ಹಿಡಿದು, ನಿದ್ದೆಹೋಗಿದ್ದ ಸೊಸೆಯನ್ನು ನೋಡಿ ಹಿಂದಿರುಗಿದರು.

ತಿಂಗಳು ಕಳೆದು ಮತ್ತೆ ಡಾಕ್ಟರ ಬಳಿ ಹೋದಾಗ ಸುರಕ್ಷಾ ಪೆನ್ನು ಕೈಗೆತ್ತಿಕೊಂಡು, "ಪತ್ರ ಬರೆಯುದಾ?" ಎಂದರು.

"ಬೇಡ ಡಾಕ್ಟ್ರೆ, ಹನ್ನೊಂದೂಕಾಲಿಗೆ ನನ್ನ ಬಸ್ ಉಂಟು," ಎಂದು ಹರಿಣಾಕ್ಷಿ ಚೀಲವೆತ್ತಿಕೊಂಡು ಎದ್ದಳು. ಬಾಟಲಿ ಆಗಲೇ ಅರ್ಧ ಖಾಲಿಯಾಗಿತ್ತು.