ಲೈಸನ್ಸಿನ ಸಾಂತಪ್ಪ

ಗಾಳಿಬೀಡಿನಲ್ಲಿ ಗಾಳಿ ನಿಲ್ಲಲೆಂದು ಕಾಯುವವನು ಒಬ್ಬನೇ, ಕಾಫಿ ಗಿಡಗಳಿಗೆ ಹುಳದ ಮದ್ದು ಹೊಡೆಯುವ ಸಾಂತಪ್ಪ. ಮದ್ದು ಹೊಡೆಯುವವರ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರೂ ಮಡಿಕೇರಿ ಗುಡ್ಡ ಹತ್ತುವುದನ್ನು ಬಿಡದೆ ಗಿಟ್ಟಿಸಿದ, ಮೈಸೂರು ಸರಕಾರದ ಗಂಡಭೇರುಂಡ ಒತ್ತಿದ ಲೈಸನ್ಸು ಅವನದು. ಮದ್ದು ಹಾರಿ ಯಾರ ಮೈಮೇಲಾದರೂ ಬಿದ್ದೀತೆಂದು, ಗಾಳಿಯಲ್ಲಿ ಹೊಡೆದರೆ ಅದು ರದ್ದು. ಹಾಗಾಗಿ ಒಂದು ಎಲೆ ಅಲ್ಲಾಡಿದರೂ ಪಂಪು ಇಳಿಸಿ ಕಲ್ಲಿನ ಮೇಲೆ ಕೂತುಬಿಡುತ್ತಾನೆ. "ಇದೂ ಒಂದು ಗಾಳಿಯಾ ಮಾರಾಯ?" ಎಂದು ತೋಟದ ಸಾಹುಕಾರರು ಕೂಗಾಡಿದರೆ, "ಲೈಸನ್ಸ್ ಕೊಟ್ಟದ್ದು ಹೊಡೆಯಕೆ ಮಾತ್ರ ಅಲ್ಲ, ಹೊಡೆಯದೆ ಕೂರಕೂ" ಎನ್ನುತ್ತಾನೆ. ಸಂಜೆ ಮನೆಗೆ ಬಂದರೆ ಸ್ನಾನದ ನೀರು ಕಾಯುವ ತನಕ ಮದ್ದಿನ ಕೈಗಳೆರಡನ್ನೂ ತಲೆಯ ಮೇಲೆತ್ತಿ ಅಂಗಳದಲ್ಲೇ ನಿಂತಿರುತ್ತಾನೆ. ಪುಟ್ಟ ಮೊಮ್ಮಗಳು ಎತ್ತಿಕೋ ಎಂದು ತಾನೂ ಕೈಯೆತ್ತಿ ಓಡಿ ಬರುತ್ತಾಳೆ. ಅಜ್ಜ ಕೈಗಳನ್ನು ಇನ್ನಷ್ಟು ಮೇಲೆತ್ತಿ, ಹಿಂದೆ ಹಿಂದೆ ಸರಿಯುತ್ತಾನೆ.